ನಾನೂರ ಹದಿನೇಳನೆಯ ತೂತು

ಹನ್ನೊಂದು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ನಾನು ಅಕ್ಕನ ಮನೆಗೆ ಹೋಗಿ ಇಪ್ಪತ್ತನಾಲ್ಕು ಸೂಜಿಗಳಿಗೆ ದಾರ ಪೋಣಿಸಿಟ್ಟು ಬರುತ್ತಿದ್ದೆ. ಎಂಟು ಕಪ್ಪು, ಎಂಟು ಬಿಳಿ, ನಾಲ್ಕು ನೀಲಿ, ನಾಲ್ಕು ಕಂದು. ಅಕ್ಕ ಅಕ್ಕಪಕ್ಕದವರ ಪ್ಯಾಂಟಿನ ಅಂಚು ಮಡಿಚಿ ಹೊಲಿಯುತ್ತಾಳೆ, ಉದುರಿದ ಗುಂಡಿ ಹಾಕಿಕೊಡುತ್ತಾಳೆ. ಹೊಲಿಗೆ ಇರುವೆ ಸಾಲಿನಷ್ಟು ನೇರ. ಆದರೆ ಸೂಜಿ ಪೋಣಿಸುವುದು ತನ್ನ ಕೈಲಾಗುವುದಿಲ್ಲ ಎಂದು ಅವಳೇ ತೀರ್ಮಾನ ಮಾಡಿಕೊಂಡು ಕೂತಿದ್ದಳು. ನಾನು ಮೆತ್ತೆಗೆ ಸೂಜಿ ಚುಚ್ಚಿಡುವುದನ್ನು ನೋಡಿದ ಪಕ್ಕದ ಮನೆಯಾಕೆ, ತಂಗಿ ಅಂದರೆ ಹೀಗಿರಬೇಕು ಎಂದು ಬಾಯಿ ತುಂಬ ಹೊಗಳುತ್ತಿದ್ದಳು. ಆ ಹೊಗಳಿಕೆ ಕೇಳಿದಾಗಲೆಲ್ಲ ಎದ್ದು ಓಡಿಹೋಗೋಣ ಅನ್ನಿಸುತ್ತಿತ್ತು. ಅಕ್ಕನ ಕಣ್ಣಿಗೆ ಏನೂ ಆಗಿರಲಿಲ್ಲ. ಕಣ್ಣಿನ ಡಾಕ್ಟರನ್ನು ಬಿಟ್ಟರೆ ಅದು ಇಡೀ ಊರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಾವಿಬ್ಬರೂ ದೂರದರ್ಶಕದ ಕೆಲಸಕ್ಕಿದ್ದವರು. ಹಾಗೆಂದರೆ ಜನ ತಕ್ಷಣ ನಮ್ಮನ್ನು ನಕ್ಷತ್ರ ನೋಡುವವರು ಅಂದುಕೊಳ್ಳುತ್ತಾರೆ. ನಕ್ಷತ್ರ ನೋಡುವವರು ಬೇರೆ. ಅವರಿಗೆ ಬಾಗಿಲ ಮೇಲೆ ಹೆಸರಿನ ಫಲಕ ಇರುತ್ತದೆ. ನಾವು ಹಗಲು ಹೊತ್ತು, ಕಿಟಕಿ ಇಲ್ಲದ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಕೂತು ಎಳೆ ಚುಚ್ಚುವವರು. ಎರಡೂವರೆ ಅಡಿ ಅಗಲದ ಅಲ್ಯೂಮಿನಿಯಂ ತಟ್ಟೆ, ಅದರಲ್ಲಿ ಆರುನೂರ ನಲವತ್ತು ತೂತು. ಆಕಾಶದಲ್ಲಿ ಎಲ್ಲೆಲ್ಲಿ ಒಂದೊಂದು ಗ್ಯಾಲಕ್ಸಿ ಇದೆಯೋ ಲೆಕ್ಕ ಹಾಕಿ ಅಲ್ಲಲ್ಲೇ ಕೊರೆದ ತೂತು. ಪ್ರತಿ ತೂತಿಗೂ ಒಂದು ಗಾಜಿನ ಎಳೆಯ ತುದಿಯನ್ನು ಕೈಯಿಂದಲೇ ತೂರಿಸಬೇಕು. ಕತ್ತಲಾದ ಮೇಲೆ ತಟ್ಟೆಯನ್ನು ದೂರದರ್ಶಕಕ್ಕೆ ಜೋಡಿಸುತ್ತಾರೆ; ಒಂದೊಂದು ಗ್ಯಾಲಕ್ಸಿಯ ಬೆಳಕು ಒಂದೊಂದು ಎಳೆಯೊಳಗಿಂದ ಹರಿದು ಯಂತ್ರ ಸೇರುತ್ತದೆ. ಎಳೆ ತಪ್ಪು ತೂತಿಗೆ ಹೋಯಿತೋ, ಒಂದರ ಬೆಳಕು ಇನ್ನೊಂದರ ಹೆಸರಿನಲ್ಲಿ ದಾಖಲಾಗುತ್ತದೆ.

ಅದಕ್ಕೇ ಇಬ್ಬಿಬ್ಬರು. ಒಬ್ಬಳು ಪಟ್ಟಿ ನೋಡಿ ನಂಬರು ಕೂಗಬೇಕು, ಇನ್ನೊಬ್ಬಳು ಚುಚ್ಚಿ, ಕಚ್ಚಿ ಕೂತದ್ದು ಬೆರಳಿಗೆ ಗೊತ್ತಾದ ಮೇಲೆ "ಕೂತಿತು" ಅನ್ನಬೇಕು. ಆಮೇಲೆ ಕೂಗುವವಳು ರಿಜಿಸ್ಟರಿನಲ್ಲಿ ಗುರುತು ಹಾಕಬೇಕು. ನಾನು ಕೂಗುವವಳು, ಅಕ್ಕ ಚುಚ್ಚುವವಳು. ದಿನಕ್ಕೆ ಮೂರು ತಟ್ಟೆ. ಅಂದರೆ ದಿನಕ್ಕೆ ಸುಮಾರು ಎರಡು ಸಾವಿರ ಸಲ ಅಕ್ಕ ಆ ಒಂದು ಮಾತು ಹೇಳುತ್ತಿದ್ದಳು. ಮನೆಯಲ್ಲಿ ಪಾತ್ರೆಗೆ ಮುಚ್ಚಳ ಹಾಕಿದರೂ ಅವಳ ಬಾಯಿಂದ ಅದೇ ಬರುತ್ತಿತ್ತು, ಭಾವ ಬದುಕಿದ್ದಾಗ ಅದನ್ನೇ ಹಿಡಿದು ಗೇಲಿ ಮಾಡುತ್ತಿದ್ದರು. ಆ ಕೋಣೆಯಲ್ಲಿ ಅಕ್ಕನ ಕೈ ಅಂದರೆ ಕೈ. ಹೊಸಬರು ಬಂದರೆ ಮೇಲ್ವಿಚಾರಕರು ಮೊದಲು ಅವಳ ಪಕ್ಕದಲ್ಲಿ ನಿಲ್ಲಿಸಿ, ಸುಮ್ಮನೆ ನೋಡಿ ಕಲಿಯಿರಿ ಅನ್ನುತ್ತಿದ್ದರು. ನನಗೆ ಆ ಕೆಲಸ ಕೊಡಿಸಿದವಳೂ ಅವಳೇ.

ಒಂದು ದಿನ ಗಡ್ಡದವರು ಮೇಲಿನ ಮಹಡಿಯಿಂದ ಇಳಿದು ಬಂದರು. ವಿಜ್ಞಾನಿ, ಆಗ ಇನ್ನೂ ಚಿಕ್ಕ ವಯಸ್ಸು, ಗಡ್ಡ ಮಾತ್ರ ಹಿರಿಯರದ್ದು. ಅವರ ವಿಷಯ ಕಪ್ಪುಕುಳಿ. ಒಮ್ಮೆ ನಮಗೆಲ್ಲ ಚಹಾ ಹೊತ್ತಿನಲ್ಲಿ ವಿವರಿಸಿದ್ದರು: ಪ್ರತಿ ದೊಡ್ಡ ಗ್ಯಾಲಕ್ಸಿಯ ನಡುವೆಯೂ ಒಂದು ಕಪ್ಪುಕುಳಿ ಇರುತ್ತದೆ, ಹೆಚ್ಚಿನವು ನಿದ್ದೆ ಮಾಡುತ್ತಿರುತ್ತವೆ, ಕೆಲವು ಮಾತ್ರ ಎಚ್ಚರವಾಗಿದ್ದು ಸುತ್ತಲಿನ ಅನಿಲವನ್ನೆಲ್ಲ ಎಳೆದು ನುಂಗುತ್ತಿರುತ್ತವೆ. ನುಂಗಿಸಿಕೊಳ್ಳುವ ಮೊದಲು ಆ ಅನಿಲ ಸುತ್ತಿ ಸುತ್ತಿ ಕಾದು, ಇಡೀ ಗ್ಯಾಲಕ್ಸಿಯ ನಕ್ಷತ್ರಗಳನ್ನೆಲ್ಲ ಮಂಕಾಗಿಸುವಷ್ಟು ಹೊಳೆಯುತ್ತದೆ. ನಾವು ನೋಡುವುದು ಕುಳಿಯನ್ನಲ್ಲ, ಅದರ ಊಟದ ಗದ್ದಲವನ್ನು ಎಂದಿದ್ದರು. ಅಕ್ಕನಿಗೆ ಆ ಮಾತು ಬಹಳ ಇಷ್ಟವಾಗಿತ್ತು. ವಾರಗಟ್ಟಲೆ ಕ್ಯಾಂಟೀನಿನಲ್ಲಿ ಗದ್ದಲವಾದರೆ ಸಾಕು, ಕಪ್ಪುಕುಳಿ ಎಚ್ಚರವಾಗಿದೆ ಅನ್ನುತ್ತಿದ್ದಳು.

ಆ ದಿನ ಅವರ ಕೈಯಲ್ಲಿ ಎರಡು ಹಾಳೆ ಇದ್ದವು. ಹತ್ತು ವರ್ಷದ ಹಿಂದೆ ಒಂದು ಗ್ಯಾಲಕ್ಸಿಯ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಬರೆದ ಗೆರೆ ಒಂದರಲ್ಲಿ. ಅದರ ನಡುವೆ ಅಗಲವಾದ ದಿಬ್ಬ. ಕಪ್ಪುಕುಳಿ ಭರ್ಜರಿ ಊಟದಲ್ಲಿದೆ ಎಂಬುದಕ್ಕೆ ಅದೇ ಗುರುತಂತೆ. ಅದೇ ಗ್ಯಾಲಕ್ಸಿಯ ಹೊಸ ಗೆರೆ ಇನ್ನೊಂದರಲ್ಲಿ, ನಮ್ಮ ತಟ್ಟೆಯದ್ದು, ಏಳು ತಿಂಗಳ ಹಿಂದಿನದು. ಅದರಲ್ಲಿ ದಿಬ್ಬವೇ ಇಲ್ಲ. ಚಪ್ಪಟೆ. ಮಲಗಿದ ಗ್ಯಾಲಕ್ಸಿ.

ಅಷ್ಟು ದೊಡ್ಡ ಕುಳಿ ಊಟ ನಿಲ್ಲಿಸಬೇಕಾದರೆ ಸಾವಿರಾರು ವರ್ಷ ಬೇಕು, ಹತ್ತು ವರ್ಷದಲ್ಲಿ ನಿಲ್ಲಲು ಸಾಧ್ಯವೇ ಇಲ್ಲ, ಆದ್ದರಿಂದ ಇದು ಬೇರೆ ಗ್ಯಾಲಕ್ಸಿಯ ಬೆಳಕು, ಆದ್ದರಿಂದ ಎಳೆ ತಪ್ಪು ತೂತಿಗೆ ಹೋಗಿದೆ ಎಂದರು ಗಡ್ಡದವರು. ಎಷ್ಟು ಸಲೀಸು! ಕೋಟಿ ಕೋಟಿ ಮೈಲಿ ಆಚೆ ಇರುವುದು ತಪ್ಪು ಮಾಡಲಾರದು, ಮೇಜಿನ ಆಚೆ ಕೂತ ಹೆಂಗಸು ಮಾಡಬಲ್ಲಳು. ನಮ್ಮಲ್ಲಿ ನಿಯಮವೇ ಹಾಗಿತ್ತು. ಹಳೆಯ ಪಟ್ಟಿಗೆ ಹೊಂದದ ಬೆಳಕು ಬಂದರೆ ಅದನ್ನು 'ಕೈತಪ್ಪು' ಎಂಬ ಕಡತಕ್ಕೆ ಸೇರಿಸಿ ಬದಿಗಿಡುವುದು. ಅಕ್ಕನ ಹೆಸರಿನಲ್ಲಿ ಆ ಕಡತದಲ್ಲಿ ಅಲ್ಲಿಯತನಕ ಒಂದೂ ಹಾಳೆ ಇರಲಿಲ್ಲ.

ಅಕ್ಕ ಒಪ್ಪಲಿಲ್ಲ. ಏಳು ತಿಂಗಳ ಹಿಂದಿನ ಒಂದು ತೂತು ಯಾರಿಗೆ ನೆನಪಿರುತ್ತದೆ, ಅವಳಿಗೂ ಇರಲಿಲ್ಲ. ನನ್ನ ಕೈ ತಪ್ಪುವುದಿಲ್ಲ, ಅದು ನನಗೆ ಗೊತ್ತು ಎಂದಷ್ಟೇ ಹೇಳಿದಳು. ಅದನ್ನು ಅಹಂಕಾರ ಅಂದುಕೊಂಡರು. ವಿಚಾರಣೆ ಎಂದು ಮೂರು ಜನ ಕೂತರು.

ನನ್ನನ್ನು ಕರೆಯುವ ಮೊದಲು ನಾನು ಕಪಾಟಿನಿಂದ ಆ ತಿಂಗಳ ರಿಜಿಸ್ಟರ್ ತೆಗೆದು ನೋಡಿದೆ. ಆ ಗ್ಯಾಲಕ್ಸಿಯ ತೂತು ನಾನೂರ ಹದಿನೇಳು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ನನ್ನದೇ ಅಕ್ಷರದಲ್ಲಿ ಹೀಗಿತ್ತು: 'ಬಿಗಿ ಇತ್ತು. ಅಂಚು ಕೆರೆದು ಕೂರಿಸಿದ್ದು. ಭೂತಗನ್ನಡಿಯಲ್ಲಿ ಇಬ್ಬರೂ ನಂಬರು ನೋಡಿದೆವು.' ಓದಿದ ಕೂಡಲೇ ಎಲ್ಲ ನೆನಪಾಯಿತು. ತೂತಿನ ಅಂಚಿನಲ್ಲಿ ಲೋಹದ ಸಣ್ಣ ಚೂರು ಉಳಿದಿತ್ತು. ಅಕ್ಕ ಎದ್ದು ನಿಂತು ಅರ ಹಿಡಿದು ಕೆರೆದಳು, ಆಮೇಲೆ ನನ್ನನ್ನೂ ಕರೆದು ಗಾಜಿನಲ್ಲಿ ನೋಡಿಸಿದಳು. ಆರುನೂರ ನಲವತ್ತರಲ್ಲಿ ನಾವು ನಾಲ್ಕು ಕಣ್ಣಿಂದ ನೋಡಿದ ಒಂದೇ ತೂತು ಅದು. ನನಗೆ ಖುಷಿಯೋ ಖುಷಿ. ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದೆ.

ಮೇಲ್ವಿಚಾರಕರು ಮಾತು ಶುರು ಮಾಡಿದರು. ಒಳ್ಳೆಯ ಮನುಷ್ಯರು, ದನಿ ಎತ್ತಿ ಮಾತಾಡಿದವರಲ್ಲ. ಬೆಳಕು ತಪ್ಪಿದೆ ಅನ್ನುವುದು ಖಚಿತ, ಇನ್ನು ಎರಡೇ ದಾರಿ ಎಂದರು. ಚುಚ್ಚಿದವಳು ತಪ್ಪಿರಬೇಕು, ಇಲ್ಲವೇ ಕೂಗಿದವಳು. ಅಕ್ಕ ಹಿರಿಯಳು, ಇಪ್ಪತ್ತು ವರ್ಷದ ಸೇವೆ, ಒಂದು ತಪ್ಪಿಗೆ ಅವಳಿಗೆ ಏನೂ ಆಗುವುದಿಲ್ಲ. ನಿಮ್ಮದು ಇನ್ನೂ ಕಾಯಂ ಆಗಿಲ್ಲ. ನೋಡಿ, ನೀವೇ ಯೋಚಿಸಿ.

ಸಹಿಗೆಂದು ನನ್ನ ಮುಂದೆ ಸರಿಸಿದ ಹಾಳೆಯಲ್ಲಿ ಒಂದೇ ಸಾಲು: ಚುಚ್ಚುವಾಗ ಕೈ ತಪ್ಪಿರಬಹುದು. 'ಬಹುದು' ಎಂಬ ಪದಕ್ಕೆ ನಾನು ಜೋತುಬಿದ್ದೆ. ಬಹುದು ಅಂದರೆ ಸುಳ್ಳಲ್ಲವಲ್ಲ ಅಂದುಕೊಂಡೆ. ಸಹಿ ಹಾಕಲು ಬಗ್ಗಿದಾಗ ಕಂಕುಳಿನ ರಿಜಿಸ್ಟರ್ ಜಾರಿತು, ಅದನ್ನು ಮೊಣಕೈಯಿಂದ ಒತ್ತಿ ಹಿಡಿದುಕೊಂಡೆ. ಅದೇನು ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ತೋರಿಸುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಯಾರೂ ಕೇಳದೇ ಇದ್ದದ್ದಕ್ಕೆ ಆ ಕ್ಷಣ ಎಷ್ಟು ಹಾಯೆನಿಸಿತ್ತು ಎಂಬುದೂ ನೆನಪಿದೆ.

ಅಕ್ಕನಿಗೆ ನಿಜಕ್ಕೂ ಏನೂ ಮಾಡಲಿಲ್ಲ. ಕಣ್ಣು ತೋರಿಸಿಕೊಂಡು ಬನ್ನಿ ಎಂದರು, ಅಷ್ಟೇ. ಕಣ್ಣಿನ ಡಾಕ್ಟರು ಎಲ್ಲ ಸರಿ ಇದೆ ಎಂದು ಬರೆದುಕೊಟ್ಟರು. ಆದರೆ ಅಷ್ಟರಲ್ಲಿ ಅವಳೊಳಗೆ ಹುಳ ಬಿಟ್ಟಾಗಿತ್ತು. ಡಾಕ್ಟರು ತೋರಿಸುವುದು ಅಕ್ಷರ, ತೂತಲ್ಲವಲ್ಲ ಎಂದಳು. ಒಂದೊಂದು ಎಳೆಯನ್ನೂ ಎರಡೆರಡು ಸಲ ಕಿತ್ತು ಮತ್ತೆ ಚುಚ್ಚತೊಡಗಿದಳು. ದಿನಕ್ಕೆ ಮೂರು ತಟ್ಟೆ ಹೋಗಿ ಎರಡಾಯಿತು, ಎರಡು ಹೋಗಿ ಒಂದಾಯಿತು. "ಕೂತಿತು" ಅನ್ನುವ ಬದಲು "ಕೂತಿತಾ, ನೋಡು" ಎಂದು ನನ್ನನ್ನು ಕೇಳತೊಡಗಿದಳು. ನಾನು ಬಗ್ಗಿ ನೋಡಿ, ಹೂಂ ಅನ್ನುತ್ತಿದ್ದೆ. ಐದು ತಿಂಗಳಾದ ಮೇಲೆ ಯಾರೂ ಹೇಳದೆಯೇ ರಾಜೀನಾಮೆ ಕೊಟ್ಟಳು. ಮರುವರ್ಷ ನಾನು ಕಾಯಂ ಆದೆ.

ಆಮೇಲೆ ಅವಳ ಬದುಕು ಸಣ್ಣದಾಗುತ್ತ ಹೋದದ್ದನ್ನು ವಾರವಾರವೂ ನೋಡಿದವಳು ನಾನು. ಸ್ಕೂಟರ್ ಮಾರಿದಳು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯತೊಡಗಿದಳು. ಚಹಾ ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳಿಟ್ಟುಕೊಳ್ಳುತ್ತಿದ್ದಳು, ಕುರುಡರು ಮಾಡುವ ಹಾಗೆ. ನಮ್ಮ ಮೇಲ್ವಿಚಾರಕರು ಎಷ್ಟು ಒಳ್ಳೆಯವರೆಂದರೆ ಅಂದು ಯಾರು ಸಹಿ ಹಾಕಿದರು ಎಂಬುದನ್ನು ಅವಳಿಗೆ ತಿಳಿಸಿರಲಿಲ್ಲ. ಯಂತ್ರ ತಪ್ಪು ಹಿಡಿಯಿತು ಎಂದೇ ಅವಳು ನಂಬಿದ್ದಳು. ನನಗೆ, ನೀನೊಬ್ಬಳು ಕೈಬಿಡಲಿಲ್ಲ ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಎಳೆ ಚುಚ್ಚಲು ಯಂತ್ರ ಬಂತು. ನನ್ನನ್ನು ಉಗ್ರಾಣಕ್ಕೆ ಹಾಕಿದರು. ಹಳೆಯ ತಟ್ಟೆಗಳು, ಹಳೆಯ ರಿಜಿಸ್ಟರುಗಳು, ಧೂಳು, ನಾನು.

ಹೋದ ತಿಂಗಳು ಗಡ್ಡದವರ ಭಾಷಣ ಇತ್ತು, ಊಟದ ಬಿಡುವಿನಲ್ಲಿ, ಎಲ್ಲ ಸಿಬ್ಬಂದಿಯೂ ಬರಬೇಕೆಂದು ಸೂಚನೆ. ಗಡ್ಡ ಈಗ ಬೆಳ್ಳಗಾಗಿ ಅವರ ಹುದ್ದೆಗೆ ಒಪ್ಪುತ್ತಿತ್ತು. ಪರದೆಯ ಮೇಲೆ ಎರಡು ಗೆರೆ ಬಂದವು, ಒಂದರಲ್ಲಿ ದಿಬ್ಬ, ಒಂದು ಚಪ್ಪಟೆ. ಅವೇ ಗೆರೆಗಳು. ಆ ಗ್ಯಾಲಕ್ಸಿಯನ್ನು ಬೇರೆ ದೂರದರ್ಶಕಗಳಿಂದ ನಾಲ್ಕು ಸಲ ನೋಡಿದರಂತೆ. ಅದು ನಿಜವಾಗಿಯೂ ಆರಿಹೋಗಿತ್ತಂತೆ. ಹೋದ ವರ್ಷ ಮತ್ತೆ ಹೊತ್ತಿಕೊಂಡಿದೆಯಂತೆ. ಅಂಥವು ಈಗ ಇನ್ನೂ ಎಷ್ಟೋ ಸಿಕ್ಕಿವೆಯಂತೆ. ಅಷ್ಟು ದೊಡ್ಡದು ಅಷ್ಟು ಬೇಗ ಹೇಗೆ ಆರುತ್ತದೆ, ಹೇಗೆ ಹೊತ್ತಿಕೊಳ್ಳುತ್ತದೆ? ಅನಿಲ ಮುಗಿಯಿತೋ, ಹರಿವಿನಲ್ಲಿ ಏನಾದರೂ ಕಲಕಿತೋ, ನಮಗಿನ್ನೂ ಗೊತ್ತಿಲ್ಲ ಎಂದು ಗಡ್ಡದವರು ಎರಡೂ ಕೈ ಚಾಚಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಗೊತ್ತಿಲ್ಲ ಎಂದರೆ ಕೆಲವರಿಗೆ ಚಪ್ಪಾಳೆ ಸಿಗುತ್ತದೆ. ನನ್ನ ಅಕ್ಕ, ನನಗೆ ಗೊತ್ತು ಎಂದಿದ್ದಳು, ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ್ದರು.

ಕೊನೆಗೆ ಒಂದು ಹಾಸ್ಯವನ್ನೂ ಮಾಡಿದರು. ಮೊದಲ ಸಲ ಈ ಚಪ್ಪಟೆ ಗೆರೆ ಕಂಡಾಗ, ಕೆಳಗಿನ ಕೋಣೆಯಲ್ಲಿ ಯಾರಿಗೋ ತೂಕಡಿಕೆ ಬಂದಿರಬೇಕು ಅಂದುಕೊಂಡಿದ್ದೆವು ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಅದು ನನ್ನ ದನಿ ಎಂದು ಗೊತ್ತಾಗಿ ನಾಚಿಕೆಯಿಂದ ಸತ್ತೇ ಹೋದೆ.

ಭಾಷಣ ಮುಗಿದ ಮೇಲೆ ಅವರನ್ನು ಬಾಗಿಲಲ್ಲಿ ಹಿಡಿದೆ. ಹಾಗಾದರೆ ಅಂದು ಕೈ ತಪ್ಪಿರಲಿಲ್ಲ ಎಂದಾಯಿತಲ್ಲ, ಅದನ್ನು ನನ್ನ ಅಕ್ಕನಿಗೆ ಒಂದು ಕಾಗದದಲ್ಲಿ ಬರೆದುಕೊಡಿ ಎಂದು ಕೇಳಿದೆ. ಅವರು ನನ್ನ ಕೊರಳಿಗೆ ಜೋತ ಗುರುತಿನ ಚೀಟಿ ಓದಿದರು. "ಯಾರು ನಿಮ್ಮ ಅಕ್ಕ?" ಎಂದರು. ಕೆಟ್ಟ ಉದ್ದೇಶವೇನಿಲ್ಲ, ನಿಜವಾಗಿ ಮರೆತಿದ್ದರು. ಪ್ರಬಂಧದ ಪ್ರತಿ ಒಂದನ್ನು ಕೊಟ್ಟು, ಅಡಿಟಿಪ್ಪಣಿಯಲ್ಲಿ ಎಲ್ಲ ಇದೆ ಎಂದರು. ಇತ್ತು. 'ನಿರ್ವಹಣಾ ದೋಷದ ಶಂಕೆಯಿಂದ ಈ ದಾಖಲೆಯನ್ನು ಆರಂಭದಲ್ಲಿ ಕೈಬಿಡಲಾಗಿತ್ತು.' ಒಂದು ಹೆಂಗಸಿನ ಹನ್ನೊಂದು ವರ್ಷ ಒಂದೂವರೆ ಸಾಲಿನಲ್ಲಿ ಹಿಡಿಸಿಬಿಟ್ಟಿತ್ತು.

ಅವತ್ತು ಉಗ್ರಾಣದಿಂದ ಆ ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ತರುವುದು ತಂದೆನೇ ಹೊರತು ತೋರಿಸಬೇಕು ಅಂದುಕೊಂಡಿರಲಿಲ್ಲ. ಪ್ರಬಂಧ ಸಾಕು ಅಂದುಕೊಂಡಿದ್ದೆ. ಅದನ್ನು ತೋರಿಸಿದರೆ ಅಕ್ಕನಿಗೆ ಅವಳ ಕಣ್ಣು ವಾಪಸು ಸಿಗುತ್ತದೆ, ನನಗೆ ಅಕ್ಕ ಉಳಿಯುತ್ತಾಳೆ. ಎಲ್ಲವೂ ಚೆನ್ನಾಗಿ ಹೊಂದುತ್ತಿತ್ತು.

ಭಾನುವಾರ ಮೊದಲು ಇಪ್ಪತ್ತನಾಲ್ಕೂ ಸೂಜಿ ಪೋಣಿಸಿ ಮುಗಿಸಿದೆ. ಆಮೇಲೆ ಪ್ರಬಂಧ ತೆಗೆದು, ಗೆರೆಗಳನ್ನು ತೋರಿಸಿ, ಗಡ್ಡದವರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಆ ಕುಳಿ ಊಟ ನಿಲ್ಲಿಸಿದ್ದು ಮುನ್ನೂರು ಕೋಟಿ ವರ್ಷದ ಹಿಂದೆ, ಆ ಸುದ್ದಿ ನಮ್ಮ ತಟ್ಟೆ ತಲುಪಿದ್ದು ನೀನು ಚುಚ್ಚಿದ ದಿನ, ತಪ್ಪು ನಿನ್ನದಾಗಿರಲಿಲ್ಲ ಎಂದೆ.

ಅಕ್ಕ ಕತ್ತರಿಯಿಂದ ಒಂದು ಅಂಚನ್ನು ಬಿಚ್ಚುತ್ತ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅವತ್ತೂ ಅವರು ಖಂಡಿತ ಅಂದ್ರು, ಇವತ್ತೂ ಖಂಡಿತ ಅಂತಾರೆ. ನಾಳೆ ಇನ್ನೊಂದು ಹೇಳ್ತಾರೆ. ಅಷ್ಟು ದೂರದ್ದು ನನಗೇನು ಗೊತ್ತಾಗುತ್ತೆ? ನನಗೆ ಬೇಕಾಗಿರೋದು ನನ್ನ ಕೈ ಅವತ್ತು ಎಲ್ಲಿ ಹೋಯ್ತು ಅನ್ನೋದು. ಅದನ್ನ ನೋಡಿದವರು ಯಾರಿದ್ದಾರೆ ಹೇಳು."

ಕುಳಿ ಆರಿತು ಅಂದಮಾತ್ರಕ್ಕೆ ತನ್ನ ಕೈ ಸರಿ ಇತ್ತು ಎಂದಾಗುವುದಿಲ್ಲ ಎಂದಳು. ಎಳೆ ಪಕ್ಕದ ತೂತಿಗೆ ಹೋಗಿ, ಅಲ್ಲೂ ಒಂದು ಮಲಗಿದ ಗ್ಯಾಲಕ್ಸಿ ಇದ್ದಿರಬಹುದಲ್ಲ. ಇಪ್ಪತ್ತು ವರ್ಷ ಆ ಮೇಜಿನಲ್ಲಿ ಕೂತವಳು, ಗಡ್ಡದವರಿಗಿಂತ ಚೆನ್ನಾಗಿ ಯೋಚಿಸುತ್ತಿದ್ದಳು. ಅಷ್ಟು ಹೇಳಿ ಎದ್ದು ನನಗೆ ಚಹಾ ಬಗ್ಗಿಸಿದಳು, ಲೋಟದ ಅಂಚಿಗೆ ಬೆರಳಿಟ್ಟು. ಬಿಸಿ ತಾಗಿ ಬೆರಳು ಎಳೆದುಕೊಂಡಳು. ಆ ಬೆರಳ ತುದಿ ಕೆಂಪಗಾದದ್ದು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಚೀಲದಿಂದ ರಿಜಿಸ್ಟರ್ ತೆಗೆದು ಹಾಳೆ ತಿರುಗಿಸಿ ಅವಳ ಮುಂದಿಟ್ಟೆ.

ಪೆನ್ಸಿಲ್ ಅಕ್ಷರ ಮಾಸಿಹೋಗಿತ್ತು. ಅಕ್ಕ ಕನ್ನಡಕ ಹುಡುಕಲಿಲ್ಲ, ಬೆಳಕಿಗೂ ಹಿಡಿಯಲಿಲ್ಲ. ಇದ್ದಲ್ಲಿಂದಲೇ ಮೂರೂ ವಾಕ್ಯ ಓದಿದಳು. ತಾರೀಖು ಓದಿದಳು. ಮತ್ತೊಮ್ಮೆ ಓದಿದಳು. ಅಳುತ್ತಾಳೇನೋ ಅಂದುಕೊಂಡೆ. ಆಮೇಲೆ ಮುಖ ಒಮ್ಮೆಲೇ ಸಡಿಲವಾಯಿತು, ಹದಿನೈದು ವರ್ಷ ಚಿಕ್ಕವಳಾದಳು.

"ಬಿಗಿ ಇತ್ತು. ಹೌದು, ಅರದಲ್ಲಿ ಕೆರೆದಿದ್ದೆ. ನಿನ್ನನ್ನ ಕರೆದಿದ್ದೆ ಅಲ್ವಾ?"

"ಕರೆದಿದ್ದೆ."

ಅವಳು ನಕ್ಕಳು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ಕಣ್ಣು ಆ ಅಕ್ಷರದ ಕಡೆಗೆ, ಆಮೇಲೆ ನನ್ನ ಕಡೆಗೆ ತಿರುಗಿದವು.

"ಇದು ಅವರು ಕೇಳಿದ ದಿನ ಎಲ್ಲಿತ್ತು?"

ಸುಳ್ಳು ಹೇಳಬಹುದಿತ್ತು. ಮೊನ್ನೆ ಉಗ್ರಾಣದಲ್ಲಿ ಸಿಕ್ಕಿತು ಅಂದಿದ್ದರೆ ನಂಬುತ್ತಿದ್ದಳು, ನನ್ನನ್ನು ನಂಬಿಯೇ ಅವಳಿಗೆ ಅಭ್ಯಾಸ.

"ನನ್ನ ಕಂಕುಳಲ್ಲಿತ್ತು" ಎಂದೆ. "ಸಹಿ ಹಾಕಿದ್ದು ನಾನು."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು. ರಿಜಿಸ್ಟರ್ ಮುಚ್ಚಿ ತನ್ನ ಬದಿಗೆ ಇಟ್ಟುಕೊಂಡಳು. ಮೆತ್ತೆಯನ್ನು ಮಡಿಲಿಗೆಳೆದುಕೊಂಡು, ನಾನು ಆಗಷ್ಟೇ ಪೋಣಿಸಿದ್ದ ಸೂಜಿಗಳಿಂದ ದಾರವನ್ನು ಒಂದೊಂದಾಗಿ ಎಳೆದು ತೆಗೆಯತೊಡಗಿದಳು. ಕಪ್ಪು ಎಂಟು, ಬಿಳಿ ಎಂಟು, ನೀಲಿ ನಾಲ್ಕು, ಕಂದು ನಾಲ್ಕು. ಇಪ್ಪತ್ತನಾಲ್ಕೂ ಮುಗಿಯುವ ತನಕ ನಾನು ಎದುರಿಗೇ ಕೂತಿದ್ದೆ. ಚಹಾ ಆರಿ ಮೇಲೆ ಕೆನೆ ಕಟ್ಟಿತು.

ಆಮೇಲೆ ಒಂದು ಸೂಜಿ ಎತ್ತಿಕೊಂಡಳು, ಎಲ್ಲಕ್ಕಿಂತ ಸಣ್ಣದು. ಕಪ್ಪು ದಾರದ ತುದಿಯನ್ನು ತುಟಿಗೆ ತಾಗಿಸಿ ಒಂದೇ ಸಲಕ್ಕೆ ತೂರಿಸಿದಳು.

"ಕೂತಿತು" ಎಂದಳು. ನನಗೆ ಹೇಳಿದ್ದಲ್ಲ.

ಅಭ್ಯಾಸಬಲದಿಂದ ನನ್ನ ಬೆರಳು ಮೇಜಿನ ಮೇಲೆ ಗುರುತು ಹಾಕಲು ಪೆನ್ಸಿಲ್ ಹುಡುಕಿತು. ಅಕ್ಕ ಅದನ್ನು ನೋಡಿ, ಮುಂದಿನ ಸೂಜಿಗೆ ಕೈ ಹಾಕಿದಳು.

"ಹೋಗ್ತಾ ಬಾಗಿಲು ಎಳ್ಕೊಂಡು ಹೋಗು" ಎಂದಳು. "ಭಾನುವಾರ ಇನ್ನು ಬರೋದು ಬೇಡ."

ಮೆಟ್ಟಿಲಿಳಿಯುವಾಗ ಒಳಗಿನಿಂದ ಅವಳ ದನಿ ಕೇಳುತ್ತಿತ್ತು, ಒಂದಾದ ಮೇಲೊಂದು, ಹಳೆಯ ವೇಗದಲ್ಲಿ. ಕೆಳಗೆ ಬರುವ ತನಕ ನಾನು ಎಣಿಸಿದೆ. ಒಂಬತ್ತಾಗಿತ್ತು.